ಪರದೆಯ ತುಂಬ ವೀರಭದ್ರ

ಬೇಸಿಗೆ ರಜೆ ಬಂತೆಂದರೆ ಬಸವಕಲ್ಯಾಣದಿಂದ ಹುಮನಾಬಾದಿನ ದೊಡ್ಡಪ್ಪನ ಮನೆಗೆ ನನ್ನನ್ನು ಬಸ್ಸು ಹತ್ತಿಸುತ್ತಿದ್ದ ಕಾಲವದು. ಇಂಟರ್ನೆಟ್ಟು ಇನ್ನೂ ಜೇಬಿಗೆ ಇಳಿದಿರಲಿಲ್ಲ. ಅದನ್ನು ನೋಡಲು ಚಪ್ಪಲಿ ಹೊರಗೆ ಬಿಟ್ಟು ಅಂಗಡಿಯೊಳಗೆ ಹೋಗಬೇಕಿತ್ತು. ನಾನು ಏಳನೇ ಇಯತ್ತೆ ಮುಗಿಸಿದ ವರ್ಷ ದೊಡ್ಡಪ್ಪ ಮನೆಗೊಂದು ಕಂಪ್ಯೂಟರ್ ತಂದರು. ಪಡಸಾಲೆಯಲ್ಲಿ ಮಂಡಕ್ಕಿ ಸುಸಲಾದ ಒಗ್ಗರಣೆಯ ವಾಸನೆಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಸೇರಿತು. ನಾನೂ ದೊಡ್ಡಪ್ಪನ ಮಗಳು ಸುನೀತಾಳೂ ಚೌಕಾಬಾರದ ಕವಡೆಗಳನ್ನು ಮರೆತೇಬಿಟ್ಟೆವು.

ಹೊಸ ವಸ್ತು ಬಂದರೆ ಮೊದಲು ಅದರಲ್ಲಿ ದೇವರು ಕೂರಬೇಕೆಂಬುದು ಆ ಮನೆಯ ರೂಢಿ. ಬೈಕಿಗೂ ಫ್ರಿಜ್ಜಿಗೂ ವೀರಭದ್ರನ ಚಿತ್ರ ಅಂಟಿಸಿದ್ದ ದೊಡ್ಡಪ್ಪ, ಪರದೆಯ ಮೇಲೂ ಅವನನ್ನೇ ಕೂರಿಸಿದರು. ಫೋಟೋ ಚಿಕ್ಕದು, ಪರದೆ ದೊಡ್ಡದು. ಒಬ್ಬ ದೇವರನ್ನು ಹಾಕಿದರೆ ಗೋಡೆಯ ಟೈಲ್ಸಿನ ಹಾಗೆ ಸಾಲುಸಾಲು ವೀರಭದ್ರರು ಮೂಡಿದರು. ದೊಡ್ಡಪ್ಪ ಖುಷಿಯಾಗಿಯೇ ಇದ್ದರು. ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ ಆರತಿ ತಟ್ಟೆ ಹಿಡಿದು ಬಂದವಳು, ಕನ್ನಡಕ ಸರಿಮಾಡಿಕೊಂಡು ಮೂಲೆಯ ವೀರಭದ್ರನತ್ತ ಬಾಗಿದಳು.

"ಇದೇನು, ದೇವರ ಹಣಿ ಮ್ಯಾಲ?"

"ಕಸದ ಬುಟ್ಟಿ ಆಯಿ. ಬ್ಯಾಡಾಗಿದ್ದು ಅದರಾಗ ಹಾಕ್ತಾರ," ಎಂದಳು ಸುನೀತಾ.

ಆಯಿ ತಟ್ಟೆ ಕೆಳಗಿಟ್ಟಳು. "ದೇವರ ತೆಲಿ ಮ್ಯಾಲ ಕಸ ಇಟ್ಟು ನಾ ಆರತಿ ಬೆಳಗಲೇನು? ಸಂಜಿಗೆ ಇದನ್ನ ವಾಪಸ್ ಒಯ್ದು ಕೊಡು."

"ಚಿತ್ರ ತೆಗೆದುಬಿಡ್ತೀನವ್ವ," ಎಂದರು ದೊಡ್ಡಪ್ಪ.

"ಕೂಡಿಸಿದ ದೇವರನ್ನ ಎಬ್ಬಿಸಿ ಹೊರಗ ಹಾಕ್ತೀ? ಭಾಳ ಶಾಣ್ಯಾ ಇದ್ದಿ."

ಅವ್ವನ ಮಾತು ಮೀರುವವರಲ್ಲ ದೊಡ್ಡಪ್ಪ. ನಮ್ಮ ಕಂಪ್ಯೂಟರಿಗೆ ಸಂಜೆಯವರೆಗಷ್ಟೇ ಆಯಸ್ಸು.

ನಾವಿಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಓಡಿದೆವು. ಅಂಗಡಿಯ ರಜಿಯಾ ಅಕ್ಕ, "ಏನ್ ಹುಡಕ್ಬೇಕು?" ಎಂದು ಕೇಳಿದರು.

"ದೇವರ ತೆಲಿ ಮ್ಯಾಲಿನ ಕಸದ ಬುಟ್ಟಿ ಹ್ಯಾಂಗ ತೆಗಿಯೂದು ಅಂತ."

ಅವರು ನಗು ನುಂಗಿಕೊಂಡರು. "ಹಂಗ ಬರದ್ರ ಅದಕ್ಕ ತಿಳಿಯಂಗಿಲ್ಲ ಬೇಟಾ. ದೇವರನ್ನ ಬಿಡ್ರಿ, ಡೆಸ್ಕ್‌ಟಾಪ್ ಫೋಟೋ ಅಂತ ಬರೀರಿ."

ಮೇಲಿನ ಪಟ್ಟಿ ವಿಳಾಸಕ್ಕೆ, ಒಳಗಿನ ಚೌಕ ಹುಡುಕಲಿಕ್ಕೆ, ದಾರಿ ತಪ್ಪಿದರೆ ಹಿಂದಕ್ಕೆ ಬರಲು ಎಡಗಡೆಯ ಬಾಣ. ಇಷ್ಟು ಹೇಳಿಕೊಟ್ಟು ಅವರು ಹೋದರು. ಓದುತ್ತಿದ್ದ ಪುಟವನ್ನು ಕಳೆದುಕೊಳ್ಳದೆ ಪಕ್ಕದಲ್ಲೇ ಇನ್ನೊಂದು ಟ್ಯಾಬ್ ತೆರೆಯಬಹುದೆಂದು ಸುನೀತಾಗೆ ತಾನೇ ಹೊಳೆದಾಗ ನಾವು ಕುರ್ಚಿಯಲ್ಲೇ ಪುಟಿದೆವು. ಇಂಗ್ಲಿಷ್ ಸಾಲುಗಳ ಮೇಲೆ ಬೆರಳಿಟ್ಟು ಓದಿದೆವು. ಚಿತ್ರವನ್ನು ಹಾಸುವುದಕ್ಕೆ, ಹಿಗ್ಗಿಸುವುದಕ್ಕೆ, ನಡುವೆ ನಿಲ್ಲಿಸುವುದಕ್ಕೆ ಬೇರೆಬೇರೆ ಆಯ್ಕೆಗಳಿದ್ದವು. "ಮೌಸಿನ ಬಲಗುಂಡಿ, ಪ್ರಾಪರ್ಟೀಸ್, ಡೆಸ್ಕ್‌ಟಾಪ್, ಸೆಂಟರ್" ಎಂದು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತ ಬಿಸಿಲಲ್ಲಿ ಮನೆಗೆ ಓಡಿದೆವು.

ದೊಡ್ಡಪ್ಪ ಆಗಲೇ ಖಾಲಿ ಡಬ್ಬಿಯನ್ನು ಅಟ್ಟದಿಂದ ಇಳಿಸಿದ್ದರು. ನಾನು ಬೆವೆತ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕುಳಿತೆ. ಕೊನೆಯ ಗುಂಡಿ ಒತ್ತಿದೆ. ಪರದೆ ಒಮ್ಮೆ ಮಿಟುಕಿತು. ಅಷ್ಟೂ ವೀರಭದ್ರರು ಹೋಗಿ, ಒಬ್ಬನೇ ನಟ್ಟನಡುವೆ ನಿಂತಿದ್ದ. ಬುಟ್ಟಿ ದೂರದಲ್ಲಿ, ಬರೀ ನೀಲಿಯ ಮೂಲೆಯಲ್ಲಿತ್ತು.

ಮೌಸ್ ಸರಿಸಿದಂತೆ ಪರದೆಯ ಮೇಲೆ ಓಡಾಡುತ್ತಿದ್ದ ಬಾಣದತ್ತ ಆಯಿ ಬೆರಳು ತೋರಿಸಿದಳು. "ಆ ಬಾಣ? ಅದು ದೇವರ ಮಾರಿ ಮ್ಯಾಲ ಹಾಯ್ತದಲ್ಲ?"

ಇದರ ಬಗ್ಗೆ ಆ ಪುಟದಲ್ಲಿ ಏನೂ ಇರಲಿಲ್ಲ. ದೊಡ್ಡಪ್ಪನ ಕೈ ಡಬ್ಬಿಯ ಮೇಲೇ ಇತ್ತು. ಹೆಚ್ಚು ಮಾತಾಡದ ನನ್ನ ಬಾಯಿಂದ ಹೇಗೋ ಬಂತು: "ಸುತ್ತ ಹಾಯಿಸಿಕೊಂಡು ಒಯ್ತೀವಿ ಆಯಿ. ಪ್ರದಕ್ಷಿಣಿ ಹಾಕಿದಂಗ."

"ಎಡದಿಂದ ಬಲಕ್ಕ ಒಯ್ಯಬೇಕು ಮತ್ತ. ಉಲ್ಟಾ ನಡೆಯಂಗಿಲ್ಲ," ಎಂದು ಆಯಿ ಆರತಿ ಹಚ್ಚಿದಳು.

ರಜೆ ಮುಗಿಯುವವರೆಗೂ ನಾವು ಯಾವುದನ್ನು ತೆರೆಯಬೇಕಾದರೂ ದೇವರಿಗೊಂದು ಸುತ್ತು ಬಂದೆವು. ಹಿಂದೆ ರೊಟ್ಟಿ ಮುರಿಯುತ್ತ ಕುಳಿತ ಆಯಿ ಕಾವಲು ಕಾಯುತ್ತಿದ್ದಳು.

ಈಗ ನನ್ನದೇ ಲ್ಯಾಪ್‌ಟಾಪ್ ಇದೆ. ಎಲ್ಲಿ ಏನಿರಬೇಕೆಂದು ಅದೇ ನಿರ್ಧರಿಸಿ ಕೇಳುತ್ತದೆ, ನಾನು "ಒಪ್ಪಿದೆ" ಎಂಬ ಗುಂಡಿ ಒತ್ತುತ್ತೇನೆ. ಬಾಣ ಎಲ್ಲಿಗೆ ಬೇಕೋ ಅಲ್ಲಿಗೆ ನೇರವಾಗಿ ಹೋಗುತ್ತದೆ. ಹಿಂದೆ ಕುಳಿತು "ಉಲ್ಟಾ ಹೊಂಟಿ" ಎನ್ನುವವರು ಯಾರೂ ಇಲ್ಲ.