ಗುಬ್ಬಿಯ ಟೆರೇಸ್ ಮೇಲೆ ಶನಿದರ್ಶನ

ಸೋಲಾರ್ ವಾಟರ್ ಹೀಟರ್ ರಿಪೇರಿ ಅಂದಮೇಲೆ ದಿನವಿಡೀ ಟೆರೇಸ್ ಮೇಲೇ ಕೆಲಸ, ಇಳಿಯೋ ಹೊತ್ತಿಗೆ ಕತ್ತಲು. ಹಾಗಾಗಿ ನನ್ನ ಟೂಲ್ಸ್ ಬ್ಯಾಗಿನಲ್ಲಿ ಪುಟ್ಟ ಟೆಲಿಸ್ಕೋಪೂ ಇರುತ್ತೆ. ಶನಿಗ್ರಹಕ್ಕೆ ಇನ್ನಷ್ಟು ಚಂದ್ರರು ಸಿಕ್ಕಿದಾರೆ ಅಂತ ಪೇಪರಲ್ಲಿ ಓದಿದ ಮೇಲಂತೂ ಯಾರಿಗಾದರೂ ಅದನ್ನ ತೋರಿಸದಿದ್ದರೆ ನನಗೆ ಸಮಾಧಾನವಿಲ್ಲ.

ಮೊನ್ನೆ ಗುಬ್ಬಿಯ ಒಂದು ಮನೆಯಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಮುಸ್ಸಂಜೆ. ಟೆಲಿಸ್ಕೋಪ್ ನಿಲ್ಲಿಸಿ, ಕಾಫಿ ತಂದ ಮನೆಯಮ್ಮನಿಗೆ, "ಇದರಲ್ಲಿ ಒಂದ್ಸಲ ನೋಡಿ ಅಮ್ಮ" ಅಂದೆ.

"ಅಯ್ಯೋ, ಎಷ್ಟು ಮುದ್ದಾಗಿದೆ! ಸುತ್ತ ಬಳೆ ತೊಡಿಸ್ದಂಗಿದೆ. ಏನಪ್ಪಾ ಇದು?"

"ಶನಿ" ಅಂದೆ, ಹೆಮ್ಮೆಯಿಂದ.

ಆಕೆ ಹಾವು ತುಳಿದವರ ಹಾಗೆ ಹಿಂದಕ್ಕೆ ಹಾರಿದರು. "ಮಗಳಿಗೆ ಸಾಡೇಸಾತಿ ಈಗ ತಾನೇ ಕಳೆದಿದೆ ಕಣಪ್ಪ, ಮತ್ತೆ ಅವನನ್ನ ಮನೆ ಮೇಲಕ್ಕೇ ಕರೀತೀಯಲ್ಲ!" ಅಂತ ಕೆಳಗೋಡಿ, ಎಳ್ಳೆಣ್ಣೆ ದೀಪ ತಂದು ಟೆಲಿಸ್ಕೋಪ್ ಎದುರಿಗೇ ಇಟ್ಟರು.

"ಬೆಳಕಿದ್ರೆ ಅವನು ಸರಿಯಾಗಿ ಕಾಣಲ್ಲ ಅಮ್ಮ."

"ಕಾಣೋದು ಬೇಡ. ಅವನಿಗೂ ನಾವು ಕಾಣೋದು ಬೇಡ."

ತೆಪ್ಪಗೆ ಬ್ಯಾಗ್ ಎತ್ತಿಕೊಂಡು ಹೊರಟೆ. ಮೆಟ್ಟಿಲ ಹತ್ತಿರ ಆಕೆಯೇ ತಡೆದು, ದನಿ ತಗ್ಗಿಸಿ ಕೇಳಿದರು: "ಇದರಲ್ಲಿ ಗುರು ಕಾಣ್ತಾನೇನಪ್ಪಾ? ಮಗಳ ಮದುವೆಗೆ ಗುರುಬಲ ಬೇಕಾಗಿದೆ."

"ಸಂಕ್ರಾಂತಿ ಹೊತ್ತಿಗೆ ಸಂಜೇನೇ ಕಾಣ್ತಾನೆ."

ಸಂಕ್ರಾಂತಿಗೆ ಸರ್ವೀಸ್ ಬುಕ್ ಆಗಿದೆ. ಹೀಟರ್ ಏನೋ ಚೆನ್ನಾಗೇ ಇದೆ.