ಪಕ್ಕದ ಟೆರೇಸಿನ ಗರುಡ

ಪಕ್ಕದ ಮನೆಯವರ ಕಾರು ನೋಡಿ ನನಗೆ ಹೊಟ್ಟೆ ಉರಿದದ್ದಿಲ್ಲ. ಒಡವೆ ನೋಡಿಯೂ ಇಲ್ಲ. ದೇವರು ಕೊಟ್ಟಿದ್ದು ಸಾಕು ಎನ್ನುವವಳು ನಾನು. ಆದರೆ ಕೊಚ್ಚಿಗೆ ಬಂದ ಮೇಲೆ ಒಂದು ಹಕ್ಕಿಯ ವಿಷಯದಲ್ಲಿ ಉರಿಯುತ್ತಿದೆ.

ಗರುಡ. ಬಿಳಿ ಕತ್ತು, ಇಟ್ಟಿಗೆ ಬಣ್ಣದ ರೆಕ್ಕೆ. ಮೈಸೂರಿನಲ್ಲಿ ಆಕಾಶದಲ್ಲಿ ಚುಕ್ಕಿಯಷ್ಟು ಕಂಡರೂ ಕೆನ್ನೆ ತಟ್ಟಿಕೊಂಡು ಕೈಮುಗಿಯುತ್ತಿದ್ದೆವು. ಇಲ್ಲಿ ದಿನಾ ಬೆಳಗ್ಗೆ ಬಂದು ಕೂರುತ್ತದೆ. ಎಲ್ಲಿ? ಪಕ್ಕದ ಮೇರಿ ಚೇಚಿಯ ಟೆರೇಸಿನ ಗೋಡೆಯ ಮೇಲೆ. (ಇಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ.)

ನಾನೂ ಸುಮ್ಮನಿರಲಿಲ್ಲ. ನಮ್ಮ ಟೆರೇಸ್ ತೊಳೆದು, ರಂಗೋಲಿ ಹಾಕಿ, ಬಾಳೆ ಎಲೆಯಲ್ಲಿ ಮೊಸರನ್ನ ಇಟ್ಟೆ. ಕಾಗೆ ಬಂತು. ಪಾಯಸ ಇಟ್ಟೆ. ಕಾಗೆ ನೆಂಟರನ್ನೂ ಕರೆತಂತು.

"ಅಮ್ಮಾ, ಅದು ಮೀನು ತಿನ್ನೋ ಪಕ್ಷಿ," ಎಂದಳು ಮಗಳು ಶ್ರೇಯಾ, ಫೋನಿನಿಂದ ತಲೆ ಎತ್ತದೆ. ಈ ಕುಲದಲ್ಲಿ ಇರುವುದೇ ಎರಡು ಜಾತಿಯಂತೆ. ಇನ್ನೊಂದು ಆಸ್ಟ್ರೇಲಿಯಾ ಕಡೆ ಸಿಳ್ಳೆ ಹಾಕಿಕೊಂಡು ಹಾರಾಡುತ್ತದಂತೆ. (ನಮ್ಮ ಪಾಲಿಗೆ ಬಂದ ಒಂದೂ ಚೇಚಿಯ ಮನೆಗೇ ಹೋಗಬೇಕಾ?)

ಕಳೆದ ವಾರ ಶ್ರೇಯಾಳಿಗೆ ತಿರುವನಂತಪುರದಲ್ಲಿ ಇಂಟರ್‌ವ್ಯೂ. ಹಿಂದೊಮ್ಮೆ ಕೈತಪ್ಪಿ, ವಾರಗಟ್ಟಲೆ ಅತ್ತಿದ್ದ ಕೆಲಸ. ಗರುಡ ದರ್ಶನ ಮಾಡಿಸಿಯೇ ರೈಲು ಹತ್ತಿಸುತ್ತೇನೆಂದು ಹರಕೆ ಹೊತ್ತಿದ್ದೆ. ಬೆಳಗ್ಗೆ ನೋಡಿದರೆ ಚೇಚಿಯ ಗೋಡೆ ಖಾಲಿ. ಕೆಳಗೆ ಆಟೋ ಬಂದು ನಿಂತಿದೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಆಫೀಸಿಗೆ ಹೊರಟ ನಮ್ಮ ಯಜಮಾನರು ಗಡಿಯಾರ ನೋಡುತ್ತಿದ್ದಾರೆ.

ಏನು ಮಾಡಲಿ? ಮೀನಿನ ವಾಸನೆಗೆ ಸದಾ ಕಿಟಕಿ ಮುಚ್ಚುತ್ತಿದ್ದ ನಾನೇ ಅದೇ ಕಿಟಕಿ ತೆಗೆದು, ನನ್ನ ಅರೆಬರೆ ಮಲಯಾಳಂನಲ್ಲಿ ಕೂಗಿದೆ.

"ಚೇಚೀ, ಇವತ್ತು ಮೀನಿಲ್ವಾ?"

"ಏನು, ನಿನಗೆ ಬೇಕಾ?" ಚೇಚಿ ನಕ್ಕರು.

"ನನಗಲ್ಲಪ್ಪ, ಗರುಡನಿಗೆ. ಮೋಳ್‌ಗೆ, ಮಗಳಿಗೆ, ಇಂಟರ್‌ವ್ಯೂ."

"ಓ, ಅವನಾ? ಮತ್ತಿ ಮೀನು ಇಲ್ಲದ ದಿನ ಅವನು ಈ ಕಡೆ ತಲೇನೂ ಹಾಕಲ್ಲ. ಇರು."

ಫ್ರಿಜ್ಜಿನಿಂದ ನಿನ್ನೆಯ ಮೀನಿನ ತಲೆಗಳನ್ನು ತಂದು ಟೆರೇಸಿನಲ್ಲಿ ತಟ್ಟೆ ಬಡಿದರು. ಎಲ್ಲಿತ್ತೋ, ತೆಂಗಿನ ಮರದ ಮೇಲಿಂದ ಸರ್ರನೆ ಇಳಿಯಿತು. ನಾನೂ ಶ್ರೇಯಾಳೂ ಕೆನ್ನೆ ತಟ್ಟಿಕೊಂಡು ಕೈಮುಗಿದೆವು. ಅದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣೆಲ್ಲ ಚೇಚಿಯ ತಟ್ಟೆಯ ಮೇಲೆ. ಇರಲಿ, ದರ್ಶನವಾಯಿತಲ್ಲ, ರೈಲೂ ಸಿಕ್ಕಿತು.

ಸಂಜೆ ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನಿಂದ ಶ್ರೇಯಾಳ ಫೋನ್ ಬಂತು. "ಸೆಲೆಕ್ಟ್ ಆದೆ ಅಮ್ಮಾ. ಮೇರಿ ಆಂಟಿಗೆ ಮೊದಲು ಥ್ಯಾಂಕ್ಸ್ ಹೇಳು."

ಹರಕೆ ನನ್ನದು, ಮೊಸರನ್ನ ನನ್ನದು, ಥ್ಯಾಂಕ್ಸ್ ಮಾತ್ರ ಮತ್ತಿ ಮೀನಿಗಾ?