ನಾಲ್ಕು ಅಕ್ಕಡಿ ಸಾಲು

ಗುಡೇಮಾರನಹಳ್ಳಿಯ ಆ ಬಯಲಿನಲ್ಲಿ ರಾಗಿಯ ನಡುವೆ ಈಗಲೂ ಅಕ್ಕಡಿ ಹಾಕುವವನು ಗಂಗಹನುಮಯ್ಯ ಒಬ್ಬನೇ. ಆರೇಳು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು. ಮಳೆ ಕೈಕೊಟ್ಟು ಒಂದು ಹೋದರೂ ಇನ್ನೊಂದು ಮನೆ ಸೇರುತ್ತದೆ, ಉದುರಿದ ಎಲೆ ಮಣ್ಣಿಗೆ ಗೊಬ್ಬರವಾಗುತ್ತದೆ.

"ಟ್ರಾಕ್ಟರಲ್ಲಿ ಬರೀ ರಾಗಿ ಹಾಕ್ಬುಡು ಗಂಗಣ್ಣ, ಒಂದು ಗಂಟೆ ಕೆಲ್ಸ" ಎಂದು ಪಕ್ಕದ ಹೊಲದ ದೇವರಾಜ್ ಪ್ರತಿ ವರ್ಷ ಹೇಳುತ್ತಾನೆ.

"ಮುದ್ದೆಯೇನೋ ಆಯ್ತು. ಸಾರಿಗೆ ನಿನ್ನ ಟೈರ್ ಬೇಯಿಸ್ಲೇನ್ಲಾ?"

ಅಕ್ಕಡಿಗೆ ಇಬ್ಬರು ಬೇಕು. ಗಂಡ ನೇಗಿಲು ಹಿಡಿದು ಸಾಲು ಹೊಡೆದರೆ, ಹೆಂಡತಿ ಮಡಿಲಲ್ಲಿ ಕಾಳು ಕಟ್ಟಿಕೊಂಡು ಹಿಂದೆಯೇ ಬಿಡುತ್ತಾ ಬರಬೇಕು. ಮೂವತ್ತೆರಡು ವರ್ಷ ಪುಟ್ಟಹೊನ್ನಮ್ಮ ಹಾಗೆ ಬಂದಳು. ಅವನು ತಿರುಗಿ ನೋಡಿದವನಲ್ಲ. ನೋಡಿದರೆ ಸಾಲು ಡೊಂಕಾಗುತ್ತದೆ. ಬಳೆಯ ಸದ್ದು ಕೇಳಿದರೆ ಸಾಕಿತ್ತು.

ಮಾಘದಲ್ಲಿ ಅವಳು ತೀರಿಕೊಂಡಳು. ಆಷಾಢದಲ್ಲಿ ಹದಮಳೆ ಬಿದ್ದ ಮಾರನೆಯ ದಿನ ಅವನು ಎತ್ತು ಕಟ್ಟಿ ನಾಲ್ಕು ಸಾಲು ನೆಟ್ಟಗೆ ಹೊಡೆದ. ಬದುವಿನ ಹತ್ತಿರ ನಿಂತು, ತಿರುಗದೆಯೇ ಕೇಳಿದ: "ಕಾಳು ಸಾಕಾಯ್ತದೇನಮ್ಮಿ?"

ಆಮೇಲೆ ತಿರುಗಿದ. ಕಾಳಿನ ಚೀಲ ಬೆಳಿಗ್ಗೆ ತಾನೇ ಇಟ್ಟ ಕಡೆ, ಬದುವಿನ ಮೇಲೆ ಹಾಗೇ ಇತ್ತು. ನಾಲ್ಕು ಸಾಲೂ ಖಾಲಿ.

ನೋಡುತ್ತಿದ್ದ ದೇವರಾಜ್ ಓಡಿ ಬಂದ. "ನಾನು ಬುಡ್ತೀನಿ ತತ್ತಾ ಅಣ್ಣ."

"ಬ್ಯಾಡ."

ಗಂಗಹನುಮಯ್ಯ ಎತ್ತುಗಳನ್ನು ನೆರಳಿಗೆ ಕಟ್ಟಿದ. ಟವೆಲ್ಲಿನಲ್ಲಿ ಕಾಳು ಕಟ್ಟಿಕೊಂಡು, ಮೊದಲ ಸಾಲಿನಿಂದ ಬಗ್ಗಿ ಬಿಡುತ್ತಾ ನಡೆದ. ಅವಳು ನಡೆಯುತ್ತಿದ್ದ ಜಾಗದಲ್ಲಿ ಅವನು ನಡೆದದ್ದು ಅದೇ ಮೊದಲು. ತಲೆಯೆತ್ತಿದರೆ, ಮುಂದೆ ಯಾರ ಬೆನ್ನೂ ಇರಲಿಲ್ಲ.